ಅರ್ಧ ಎಂಎಂ ಜಾಸ್ತಿಯಾಯ್ತಂತೆ!

ಸಂಪಾದಕರಿಗೆ,

ಮಾನ್ಯರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಇತ್ತು. ರಾತ್ರಿ ಹೊತ್ತು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ರೇಸ್ ಬಿಡುತ್ತಿದ್ದ ಹುಡುಗರನ್ನು ಪೊಲೀಸರು ಹಿಡಿದಿದ್ದಾರೆ, ಗಾಡಿಗಳನ್ನು ವಶಕ್ಕೆ ತೆಗೆದುಕೊಂಡಿದ್ದಾರೆ ಅಂತ. ಜೊತೆಗೆ ಒಂದು ಫೋಟೊ. ಠಾಣೆಯ ಕಾಂಪೌಂಡಿನಲ್ಲಿ ಸಾಲಾಗಿ ನಿಲ್ಲಿಸಿದ ಬೈಕುಗಳು. ಎಡಗಡೆಯಿಂದ ಮೂರನೆಯದು ಯಮಹಾ ಆರ್‌ಎಕ್ಸ್ 100. ಟ್ಯಾಂಕಿನ ಮೇಲೆ ಕೈಯಲ್ಲಿ ಎಳೆದ ವಕ್ರ ಬಿಳಿ ಪಟ್ಟಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಅದರ ಬ್ಲಾಕ್ ಬೋರ್ ಮಾಡಿದವನು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರನ್ನು ಒಳಗಿಂದ ಕೊರೆದು ದುಂಡಗೆ ಮಾಡಿದವನು, ನಾನೇ.

ಟೀ ಅಂಗಡಿಯಲ್ಲಿ ಪೇಪರ್ ಓದಿದವರೆಲ್ಲ ‘ಒದ್ದು ಒಳಗೆ ಹಾಕಬೇಕು’ ಅಂದರು. ನಾನೂ ಬೇಡ ಅನ್ನಲಿಲ್ಲ. ರಸ್ತೆ ಅಂದ ಮೇಲೆ ಹಾಲಿನವರು ಬರುತ್ತಾರೆ, ಕಾರ್ಖಾನೆಯ ಮೂರನೇ ಶಿಫ್ಟ್ ಮುಗಿಸಿದವರು ಬರುತ್ತಾರೆ. ಅವರ ಪ್ರಾಣದ ಜೊತೆ ಆಟ ಆಡೋ ಹಕ್ಕು ಯಾರಿಗೂ ಇಲ್ಲ. ಕಾನೂನೂ ಸಡಿಲವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿ ಆದ ಮೇಲೆ, ರಸ್ತೆಯಲ್ಲಿ ರೇಸ್ ಬಿಟ್ಟರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇನ್ನೊಂದು ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಗಲಿ, ಬೇಡ ಅಂದವರು ಯಾರು?

ಆದರೆ ಸುದ್ದಿಯಲ್ಲಿ ಬರದ ಒಂದು ವಿಷಯ ನನಗೆ ಗೊತ್ತು. ಅದೇ ಗಾಡಿ, ಅದೇ ಹುಡುಗ, ಹೋದ ಡಿಸೆಂಬರಿನಲ್ಲಿ ಹೆಲ್ಮೆಟ್ಟು, ಲೆದರ್ ಜಾಕೆಟ್ಟು, ಗ್ಲೌಸು ಎಲ್ಲ ಹಾಕಿಕೊಂಡು, ಫೀಸು ಕಟ್ಟಿ, ಮುಚ್ಚಿದ ಟ್ರ್ಯಾಕಿನಲ್ಲಿ ಕ್ರಮವಾಗಿ ಡ್ರ್ಯಾಗ್ ರೇಸ್ ಓಡಿಸೋಕೆ ಹೋಗಿದ್ದ. ಅವನ ತರಗತಿಯಲ್ಲಿ ಓಡಿಸೋಕೆ ಬಿಡಲಿಲ್ಲ. ಅದನ್ನು ಹೇಳೋಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ನಿಮಗೆ ಬೇಕಾದಷ್ಟು ಕತ್ತರಿಸಿಕೊಳ್ಳಿ, ಆದರೆ ಲೆಕ್ಕದ ಭಾಗ ಮಾತ್ರ ಕತ್ತರಿಸಬೇಡಿ.

ನನ್ನದು ಶಿರಾ ಗೇಟ್ ಹತ್ತಿರ ಒಂದು ಲೇತ್ ಅಂಗಡಿ. ಒಂದು ಲೇತು, ಒಂದು ಬೋರಿಂಗ್ ಮಷಿನ್, ಬೋರ್ ಆದ ಗೋಡೆಯನ್ನು ನಯ ಮಾಡುವ ಒಂದು ಹೋನಿಂಗ್ ಮಷಿನ್, ಮಳೆ ಬಂದರೆ ಒಂದು ಕಡೆ ಸೋರುವ ಶೀಟು. ಮೂವತ್ತನಾಲ್ಕು ವರ್ಷದಿಂದ ಬ್ಲಾಕ್ ಬೋರ್ ಮಾಡುವುದೇ ಹೊಟ್ಟೆಪಾಡು. ನಮ್ಮಣ್ಣ ಇದೇ ಊರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದ. ಕಾರ್ಖಾನೆ 2016ರಲ್ಲಿ ಬಾಗಿಲು ಹಾಕಿತು, ಅಣ್ಣನೂ ಈಗ ಇಲ್ಲ. ಅವನು ಕೊಡಿಸಿದ, ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಮಾತ್ರ ಇನ್ನೂ ಅದರ ಮರದ ಪೆಟ್ಟಿಗೆಯಲ್ಲೇ ಇದೆ. ‘ಕಣ್ಣಿಗೆ ಕಂಡಿದ್ದನ್ನ ನಂಬಬೇಡ ಕಣೋ, ಅಳೆದು ನೋಡು. ಅಳೆದಿದ್ದನ್ನೂ ಇನ್ನೊಂದ್ ಸಲ ಅಳೆ’ ಅನ್ನುತ್ತಿದ್ದ. ಅವನು ಕೈಗಡಿಯಾರದ ಜನ, ನಾವು ಗ್ರೀಸಿನ ಜನ. ಆದರೂ ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ಡ್ರ್ಯಾಗ್ ರೇಸ್ ಅಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಸುತ್ತು ಹೊಡೆಯುವುದಿಲ್ಲ, ತಿರುವಿಲ್ಲ. ನೇರ ಟಾರು. ಎರಡು ಗಾಡಿ ಪಕ್ಕಪಕ್ಕ ನಿಲ್ಲುತ್ತವೆ. ಕಂಬದ ಮೇಲೆ ಹಳದಿ ದೀಪ, ಆಮೇಲೆ ಹಸಿರು. ಹಸಿರಿಗೆ ಮುಂಚೆ ಕದಲಿದರೆ ಕೆಂಪು ಬಿತ್ತು, ಆಟ ಮುಗೀತು. ದೂರ ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402 ಮೀಟರ್. ಟೌನ್‌ಹಾಲ್ ಸರ್ಕಲ್‌ನಲ್ಲಿ ಸಿಗ್ನಲ್ ಬಿಟ್ಟಾಗ ನಮ್ಮ ಆಟೊದವರು ಹೊರಡುತ್ತಾರಲ್ಲ, ಹಾಗೇ ಅಂದುಕೊಳ್ಳಿ. ದೇಶದ ಮಟ್ಟದಲ್ಲಿ ಇದಕ್ಕೆ ಚಾಂಪಿಯನ್‌ಷಿಪ್ ಇದೆ. ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ನಡೆದಿದೆ. ನಮ್ಮ ಬೆಂಗಳೂರಿನವರೇ ಆದ ಹೇಮಂತ್ ಮುದ್ದಪ್ಪ ಅದರಲ್ಲಿ ಒಂದಲ್ಲ ಎರಡಲ್ಲ, ಹಲವು ಸಲ ಚಾಂಪಿಯನ್. ಅವರು ಓಡಿಸುವುದು ಹಯಾಬುಸದಂಥ ದೊಡ್ಡ ದೊಡ್ಡ ಗಾಡಿ. ನಾನು ಹೇಳುತ್ತಿರುವುದು ಆ ಸಾಲಿನ ಕಟ್ಟಕಡೆಯಲ್ಲಿ ಹೊಗೆ ಬಿಟ್ಟುಕೊಂಡು ನಿಲ್ಲುವ ಗಾಡಿಗಳ ಕಥೆ. ಸಣ್ಣ ಟೂ ಸ್ಟ್ರೋಕ್‌ಗಳ ತರಗತಿ.

ಈ ಹುಡುಗ ಗುಬ್ಬಿ ಕಡೆಯವನು. ಗಾಡಿ ಅವನ ದೊಡ್ಡಪ್ಪ 1991ರಲ್ಲಿ ಹೊಸದಾಗಿ ಕೊಂಡದ್ದು. ದೊಡ್ಡಪ್ಪ ಅದರ ಮೇಲೆ ತೆಂಗಿನಕಾಯಿ ಚೀಲ ಹೇರಿದ್ದಾರೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಿದ್ಧಗಂಗೆ ಜಾತ್ರೆಗೆ ಬಂದಿದ್ದಾರೆ, ಹತ್ತು ವರ್ಷ ಕೊಟ್ಟಿಗೆಯಲ್ಲಿ ಹುಲ್ಲಿನ ಹಿಂದೆ ನಿಲ್ಲಿಸಿದ್ದಾರೆ. ಹುಡುಗ ಅದನ್ನು ಎಬ್ಬಿಸಿದ. ಅಂಥ ಗಾಡಿಯ ಬ್ಲಾಕ್ ಹೊಸದರ ಅಳತೆಯಲ್ಲೇ ಇರೋಕೆ ಸಾಧ್ಯ ಇದೆಯಾ, ನೀವೇ ಹೇಳಿ. ನನ್ನ ಹತ್ತಿರ ಬರುವ ಹೊತ್ತಿಗೆ ಅದು ಆಗಲೇ ಒಂದು ಸಲ ಬೋರ್ ಆಗಿತ್ತು. ನಾನು ಎರಡನೇ ಸಲ ಮಾಡಿದೆ. 50 ಸೈಜಿನ ಪಿಸ್ಟನ್ ಹಾಕಿದೆ. ನಮ್ಮ ಭಾಷೆಯಲ್ಲಿ 50 ಸೈಜು ಅಂದರೆ ಒರಿಜಿನಲ್‌ಗಿಂತ 0.50 ಮಿಲಿಮೀಟರ್ ದಪ್ಪ.

ರೇಸಿನ ದಿನ ಬೆಳಗಿನ ಜಾವ ನಾಲ್ಕಕ್ಕೆ ಟಾಟಾ ಏಸ್‌ನಲ್ಲಿ ಗಾಡಿ ಕಟ್ಟಿಕೊಂಡು ಹೊರಟೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಅಂಗಡಿಗಳು ಇನ್ನೂ ಬಾಗಿಲು ತೆಗೆದಿರಲಿಲ್ಲ. ಖಾಲಿ ಹೊಟ್ಟೆಯಲ್ಲೇ ಹೋದೆವು. ಈ ವಯಸ್ಸಿನಲ್ಲಿ ಅದೊಂದು ತಪ್ಪು ಮಾಡಿದೆ. ಯಾವ ಜಾಗ, ಯಾವ ಸಂಸ್ಥೆ ಅಂತ ಇಲ್ಲಿ ಬರೆಯುವುದಿಲ್ಲ. ಅವರೂ ಕೈಯಿಂದ ದುಡ್ಡು ಹಾಕಿ ನಡೆಸುವವರು, ಅವರ ಮರ್ಯಾದೆ ತೆಗೆಯುವುದು ನನ್ನ ಉದ್ದೇಶ ಅಲ್ಲ. ಆಂಬುಲೆನ್ಸ್ ಇತ್ತು, ಪಕ್ಕಕ್ಕೆ ಹುಲ್ಲಿನ ಪೆಂಡಿ ಜೋಡಿಸಿದ್ದರು, ಡಾಕ್ಟರ್ ಇದ್ದರು. ಆ ವಿಷಯದಲ್ಲಿ ಎಳ್ಳಷ್ಟೂ ಕೊರತೆ ಹೇಳೋ ಹಾಗಿಲ್ಲ.

ಕೊರತೆ ಇದ್ದದ್ದು ನಿಯಮದ ಹಾಳೆಯಲ್ಲಿ. ನಮ್ಮ ತರಗತಿಯ ಎದುರಿಗೆ ಇದ್ದದ್ದು ಇಷ್ಟೇ: ‘ಟೂ ಸ್ಟ್ರೋಕ್, 100 ಸಿಸಿವರೆಗೆ, ಸ್ಟಾಕ್’. ಮುಗೀತು. ಸ್ಟಾಕ್ ಅಂದರೆ ಕಂಪನಿಯಿಂದ ಬಂದ ಹಾಗೇ ಇರಬೇಕು ಅಂತ. ಆದರೆ ಅದಕ್ಕೆ ಲೆಕ್ಕ ಏನು, ಎಷ್ಟನೇ ಸೈಜಿನ ಪಿಸ್ಟನ್‌ವರೆಗೆ ಬಿಡುತ್ತಾರೆ, ಎಲ್ಲಿ ಅಳೆಯುತ್ತಾರೆ, ಏನೂ ಇಲ್ಲ.

ಸ್ಕ್ರುಟಿನಿ, ಅಂದರೆ ಗಾಡಿ ತಪಾಸಣೆಯ, ಟೇಬಲ್‌ನಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಯುವಕ. ತುಂಬ ಮರ್ಯಾದಸ್ಥ. ಹೆಡ್, ಅಂದರೆ ಬ್ಲಾಕಿನ ಮೇಲಿನ ಮುಚ್ಚಳ, ಬಿಚ್ಚಿಸಿದ. ಡಿಜಿಟಲ್ ವರ್ನಿಯರ್ (ದವಡೆಯಂಥ ಅಳತೆಗೋಲು) ತೆಗೆದು ಬ್ಲಾಕಿನ ಬಾಯಿಗೆ ಇಟ್ಟ. 50.52 ಅಂತ ಬಂತು. ಫೋನ್ ತೆಗೆದು ಗುಣಿಸಿದ. ಫೋನನ್ನು ನನ್ನ ಕಡೆ ತಿರುಗಿಸಿ ತೋರಿಸಿದ. 100.2.

‘ಸಾರ್, ಹಾಳೆಯಲ್ಲಿ 100 ಅಂತ ಇದೆ. ನಾನೇನ್ ಮಾಡ್ಲಿ?’ ಅಂದ.

ಅವನು ಏನೂ ಮಾಡುವ ಹಾಗಿರಲಿಲ್ಲ, ನಿಜ. ಲೆಕ್ಕ ಸರಿ ಇತ್ತು.

ಈಗ ಆ ಲೆಕ್ಕ. ಹೈಸ್ಕೂಲಿನಲ್ಲಿ ಸಿಲಿಂಡರಿನ ಗಾತ್ರ ಕಂಡುಹಿಡಿಯೋದು ಹೇಳಿಕೊಟ್ಟಿರುತ್ತಾರಲ್ಲ, ಅದೇ. ಆರ್‌ಎಕ್ಸ್ 100ರ ಬೋರು, ಅಂದರೆ ಸಿಲಿಂಡರಿನ ಒಳ ಅಗಲ, 50 ಮಿಲಿಮೀಟರ್. ಸ್ಟ್ರೋಕು, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಅದೂ 50 ಮಿಲಿಮೀಟರ್. ಗುಣಿಸಿ ನೋಡಿ, 98.17 ಸಿಸಿ ಬರುತ್ತೆ. ಕಂಪನಿಯವರು 98 ಅಂತ ಬರೆದರು, ಜನ 100 ಅಂದರು. ಮೊದಲ ಸಲ ಬೋರ್ ಮಾಡಿದರೆ 25 ಸೈಜು, ಆಗ 99.16. ಎರಡನೇ ಸಲ 50 ಸೈಜು, ಆಗ 100.15. ಗೆರೆ ದಾಟಿತು! 75 ಸೈಜಿಗೆ 101.14. ಕೊನೆಯದು, ಪೂರ್ತಿ ಒಂದು ಮಿಲಿಮೀಟರ್ ಹೋದಾಗ 102.14. ಬೋರ್ ಮಾಡಿಸುವುದು ಕಳ್ಳತನ ಅಲ್ಲ. ಹೊಟ್ಟೆ ಸವೆದ ಬ್ಲಾಕನ್ನು ದುಂಡಗೆ ಮಾಡಿ ಹೊಸ ಪಿಸ್ಟನ್ ಹಾಕುವುದು ಅಷ್ಟೇ. ಊರಿನ ಎಲ್ಲ ಮೆಕ್ಯಾನಿಕ್‌ಗಳೂ ಮಾಡೋದು ಅದನ್ನೇ.

ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಅಂದರೆ ಈಗ ಇರುವ ಅತಿ ಚಿಕ್ಕ ವಯಸ್ಸಿನ ಗಾಡಿಗೂ ಮದುವೆ ವಯಸ್ಸು ದಾಟಿದೆ. ನನ್ನ ಅಂಗಡಿಗೆ ಬರುವ ಹತ್ತು ಬ್ಲಾಕಿನಲ್ಲಿ ಎಂಟಾದರೂ 50 ಸೈಜು ದಾಟಿದವು. ‘100 ಸಿಸಿವರೆಗೆ’ ಅಂತ ಬರೆದರೆ ಹೆಸರಿಗೆ ಅದು ಆರ್‌ಎಕ್ಸ್ ತರಗತಿ, ಆದರೆ ಹೆಚ್ಚಿನ ಆರ್‌ಎಕ್ಸ್‌ಗಳಿಗೆ ಅದರಲ್ಲಿ ಜಾಗ ಇಲ್ಲ. ಬರೆದವರಿಗೆ ಇದು ಹೊಳೆದಿಲ್ಲ ಅಷ್ಟೇ. ಕೆಟ್ಟ ಉದ್ದೇಶ ಇತ್ತು ಅಂತ ನಾನು ಅನ್ನುವುದಿಲ್ಲ.

ಆವತ್ತು ಏನಾಯಿತು ಅಂದರೆ, ಆರು ಜನ ಹೆಸರು ಕೊಟ್ಟಿದ್ದರು. ಮೂರು ಗಾಡಿ ಇದೇ ಕಾರಣಕ್ಕೆ ಹೊರಬಿದ್ದವು. ಉಳಿದದ್ದು ಮೂರು. ಐದಕ್ಕಿಂತ ಕಡಿಮೆ ಇದ್ದರೆ ತರಗತಿ ನಡೆಸುವುದಿಲ್ಲ ಅಂತ ಇನ್ನೊಂದು ನಿಯಮ. ಹಾಗಾಗಿ ಆ ಮೂವರಿಗೂ ಓಟ ಇಲ್ಲ. ಬೇಕಿದ್ದರೆ ಮೇಲಿನ ತರಗತಿಯಲ್ಲಿ ಓಡಿ ಅಂದರು. ಅಲ್ಲಿ ಇದ್ದದ್ದು ಐದು ಗೇರಿನ ಆರ್‌ಎಕ್ಸ್ 135ಗಳು, ಎಕ್ಸ್‌ಪಾನ್ಷನ್ ಚೇಂಬರ್ ಅನ್ನುವ, ಶಕ್ತಿ ಹೆಚ್ಚಿಸುವ ಸೈಲೆನ್ಸರ್ ಹಾಕಿದವು. ಹುಡುಗ ಒಂದು ಸಲ ಓಡಿಸಿದ. ಎದುರಿನವನು ಗೆರೆ ದಾಟಿ ಬ್ರೇಕ್ ಹಿಡಿದಾಗ ಇವನಿನ್ನೂ ಮೂರನೇ ಗೇರಿನಲ್ಲಿದ್ದ. ಫೀಸು ವಾಪಸ್ ಕೊಡಲಿಲ್ಲ. ಸಂಜೆ ಮೈಕಿನಲ್ಲಿ ಹೇಳಿದರು: ಮುಂದಿನ ಸಲ ಈ ತರಗತಿ ಇರುತ್ತೋ ಇಲ್ಲವೋ ಯೋಚಿಸಬೇಕು, ಜನರೇ ಬರುತ್ತಿಲ್ಲ.

ಜನ ಬಂದಿದ್ದರಲ್ಲಾ ಸ್ವಾಮಿ! ಆರು ಜನ ಬಂದಿದ್ದರು. ನೀವೇ ಮೂವರನ್ನು ಆಚೆ ಕಳಿಸಿ, ಉಳಿದವರು ಸಾಲದು ಅಂದರೆ ಹೇಗೆ?

ಇಲ್ಲಿ ಒಂದು ವಾದ ಬರುತ್ತೆ, ಅದನ್ನು ನಾನೇ ಹೇಳಿಬಿಡುತ್ತೇನೆ. ‘ಸವೆದ ಬ್ಲಾಕಿಗೆ ಹೊಸ ಸ್ಲೀವ್ ಹಾಕಿಸಿ, ಮತ್ತೆ 50ಕ್ಕೆ ತನ್ನಿ. ನಿಯಮದೊಳಗೆ ಬರುತ್ತೆ.’ ಬರುತ್ತೆ, ಸರಿ. ಸ್ಲೀವ್ ಅಂದರೆ ಬ್ಲಾಕಿನೊಳಗೆ ಕೂರಿಸುವ ಕಬ್ಬಿಣದ ಕೊಳವೆ. ಹಾಕುವವನೂ ನಾನೇ, ದುಡ್ಡೂ ನನಗೇ. ಆದರೆ ಟೂ ಸ್ಟ್ರೋಕ್ ಬ್ಲಾಕಿಗೆ ವಾಲ್ವ್ ಇರುವುದಿಲ್ಲ. ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಅವಕ್ಕೆ ಪೋರ್ಟ್ ಅನ್ನುತ್ತೇವೆ. ಹೊಸ ಸ್ಲೀವ್ ಹಾಕಿದ ಮೇಲೆ ಆ ಕಿಂಡಿಗಳನ್ನು ಹೊಸದಾಗಿ ಕೊರೆಯಬೇಕು, ಕೈಯಲ್ಲೇ ಉಜ್ಜಿ ಸರಿಮಾಡಬೇಕು. ಎಲ್ಲಿಗೆ ಕೊರೆಯಬೇಕು, ಎಷ್ಟು ಎತ್ತರಕ್ಕೆ ಅಂತ ತೀರ್ಮಾನ ಮಾಡುವವನು ಲೇತಿನವನು. ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೆ ಎತ್ತಿದರೆ ಇಂಜಿನ್‌ನ ಸ್ವಭಾವವೇ ಬದಲಾಗುತ್ತೆ. ಕೆಳಗಡೆ ಸತ್ತಂತೆ ಇರುತ್ತೆ, ಮೇಲೆ ಹೋದಾಗ ಕಿರುಚುತ್ತೆ. ಸುಮ್ನೆ ಹೇಳುತ್ತಿಲ್ಲ. ತೊಂಬತ್ತರ ದಶಕದಲ್ಲಿ ಕಾಲೇಜು ಹುಡುಗರಿಗೆ ನಾನೇ ದುಡ್ಡು ತಗೊಂಡು ಮಾಡಿಕೊಟ್ಟಿದ್ದೇನೆ. ನಾನೇನೂ ಸಾಚಾ ಅಲ್ಲ.

ಈಗ ನೋಡಿ ತಮಾಷೆ. ದೊಡ್ಡಪ್ಪನ ಗಾಡಿ, ಒರಿಜಿನಲ್ ಪೋರ್ಟ್, ಬರೀ ಬೋರ್ ಮಾಡಿಸಿದ್ದು ಹೊರಗೆ. ಹೊಸ ಸ್ಲೀವ್ ಹಾಕಿಸಿ, ಪೋರ್ಟನ್ನು ಬೇಕಾದ ಹಾಗೆ ಕೊರೆಸಿದ್ದು 98.17 ಅಂತ ಒಳಗೆ. ಆವತ್ತು ಉಳಿದ ಮೂರರಲ್ಲಿ ಒಂದು ಅಂಥದ್ದೇ ಇತ್ತು. ಸ್ಟಾರ್ಟ್ ಮಾಡಿದ ಕೂಡಲೇ ನನ್ನ ಕಿವಿಗೆ ಗೊತ್ತಾಯಿತು. ಸ್ಕ್ರುಟಿನಿಯವನ ವರ್ನಿಯರ್‌ಗೆ ಗೊತ್ತಾಗಲಿಲ್ಲ. ಅದು ಬೋರನ್ನು ಮಾತ್ರ ನೋಡಿತು.

ಇನ್ನು ಆ ಎರಡು ಸಿಸಿಯಿಂದ ಎಷ್ಟು ಲಾಭ? ನೂರಕ್ಕೆ ಎರಡು ಪಾಲು. ಆರ್‌ಎಕ್ಸ್ 100ಕ್ಕೆ ಕಂಪನಿ ಹೇಳಿದ ಶಕ್ತಿ 11 ಹಾರ್ಸ್‌ಪವರ್. ಅದರಲ್ಲಿ ನೂರಕ್ಕೆ ಎರಡು ಅಂದರೆ ಹಲ್ಲಿನ ಸಂದಿಗೂ ಸಾಲದು. ಅದೇ ಓಡಿಸುವವನ ತೂಕ ತಗೊಳ್ಳಿ. ಗಾಡಿ ಸುಮಾರು 100 ಕೆಜಿ. 55 ಕೆಜಿ ಹುಡುಗ ಕೂತರೆ ಒಟ್ಟು 155. 70 ಕೆಜಿಯವನು ಕೂತರೆ 170. ಹತ್ತಿರ ಹತ್ತಿರ ನೂರಕ್ಕೆ ಹತ್ತು ಪಾಲು ವ್ಯತ್ಯಾಸ. ಎರಡು ಪಾಲಿಗೆ ಗಾಡಿಯನ್ನು ಆಚೆ ಹಾಕುತ್ತಾರೆ, ಹತ್ತು ಪಾಲನ್ನು ಕೇಳುವವರೇ ಇಲ್ಲ. ಆ ಇಡೀ ಮೈದಾನದಲ್ಲಿ ಒಂದು ತೂಕದ ಯಂತ್ರ ಇರಲಿಲ್ಲ. ತಿಪಟೂರಿನ ಯಾವ ಕೊಬ್ಬರಿ ಮಂಡಿಗೆ ಹೋದರೂ ಒಂದು ಸಿಗುತ್ತೆ. ಒಂದು ದಿನಕ್ಕೆ ಬಾಡಿಗೆಗೂ ಕೊಡುತ್ತಾರೆ. ಗಾಡಿ, ಹುಡುಗ, ಹೆಲ್ಮೆಟ್ ಎಲ್ಲ ಸೇರಿಸಿ ಇಷ್ಟಕ್ಕಿಂತ ಕಡಿಮೆ ಇರಬಾರದು ಅಂತ ಒಂದು ಸಾಲು ಬರೆದರೆ ಮುಗೀತು. ಕಡಿಮೆ ಇದ್ದವನು ಸೀಸದ ತುಂಡು ಕಟ್ಟಿಕೊಳ್ಳಲಿ.

ನಮ್ಮ ಕಡೆ ದನದ ಜಾತ್ರೆಗಳಲ್ಲಿ ಎತ್ತುಗಳನ್ನು ಹೇಗೆ ವಿಂಗಡಿಸುತ್ತಾರೆ ನೋಡಿ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಯಾರ ಸರ್ಟಿಫಿಕೇಟೂ ಬೇಡ. ಬಾಯಿ ಅಗಲಿಸಿದರೆ ಎಲ್ಲರಿಗೂ ಕಾಣುತ್ತೆ. ಮಾರುವವನಿಗೂ ಕೊಳ್ಳುವವನಿಗೂ ಪಕ್ಕದಲ್ಲಿ ನಿಂತ ಹುಡುಗನಿಗೂ. ಮುದಿ ಎತ್ತನ್ನು ಹೋರಿಗರು ಅಂತ ಸಾಗಿಸೋಕೆ ಆಗಲ್ಲ. ಆ ಥರದ ಅಳತೆ ನಮ್ಮ ಇಂಜಿನ್‌ನಲ್ಲೂ ಇದೆ. ಬ್ಲಾಕಿನ ಮೇಲ್ಮೈಯಿಂದ ಎಕ್ಸಾಸ್ಟ್ ಪೋರ್ಟಿನ ಮೇಲಿನ ಅಂಚಿನವರೆಗೆ ಎಷ್ಟು ಆಳ ಅಂತ ಡೆಪ್ತ್ ಗೇಜ್ ಇಟ್ಟು ನೋಡುವುದು. ಎರಡು ನಿಮಿಷದ ಕೆಲಸ. ಒಂದು ಒರಿಜಿನಲ್ ಬ್ಲಾಕ್ ಹುಡುಕಿ, ಅದರ ಅಳತೆ ತೆಗೆದು, ಹಾಳೆಯಲ್ಲಿ ಅಚ್ಚು ಹಾಕಿಸಲಿ. ಪೋರ್ಟ್ ಎತ್ತಿದವನೂ ಸಿಕ್ಕಿಬೀಳುತ್ತಾನೆ, ಕಂಪ್ರೆಷನ್ ಜಾಸ್ತಿ ಮಾಡೋಕೆ ಬ್ಲಾಕಿನ ಮೇಲ್ಮೈ ಉಜ್ಜಿಸಿದವನೂ ಸಿಕ್ಕಿಬೀಳುತ್ತಾನೆ, ಯಾಕೆಂದರೆ ಎರಡಕ್ಕೂ ಆ ಅಳತೆ ಕಡಿಮೆ ಬರುತ್ತೆ. ಪೆಟ್ರೋಲು ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕಂಪನಿಯದೇ 20 ಎಂಎಂ ಮಿಕುನಿ ಇರಬೇಕು ಅನ್ನಲಿ. ಬೋರು ಮಾತ್ರ 51ರವರೆಗೆ ಬಿಡಲಿ. ಮಾಮೂಲಿ ಓವರ್‌ಸೈಜ್ ಪಿಸ್ಟನ್ ಸಿಗುವುದೇ ಅಲ್ಲಿಯವರೆಗೆ. ಆಮೇಲೆ ಸ್ಲೀವೇ ಗತಿ.

ಅಳೆಯುವ ರೀತಿಯ ಬಗ್ಗೆಯೂ ಒಂದು ಮಾತು. ಬ್ಲಾಕಿನ ಬಾಯಿಗೆ ವರ್ನಿಯರ್ ಇಟ್ಟು ಬೋರು ಹೇಳಬಾರದು. ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮೇಲಿನ ರಿಂಗು ತಿರುಗಿ ಬರುವ ಜಾಗದಲ್ಲಿ ಜಾಸ್ತಿ. ಒಳ ಅಗಲ ಅಳೆಯುವ ಬೋರ್ ಗೇಜ್ ಇಳಿಸಿ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ನೋಡಬೇಕು. ನಾವು ಹತ್ತಿಪ್ಪತ್ತು ಮೈಕ್ರಾನ್‌ಗೆ ತಲೆ ಕೆಡಿಸಿಕೊಂಡು ಹೋನ್ ಮಾಡಿರುತ್ತೇವೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ತಲೆಕೂದಲು ಹೋಗುವಷ್ಟೂ ಸಂದು ಬಿಟ್ಟಿರುವುದಿಲ್ಲ. ಅಲ್ಲಿ ಬಂದು ಒಂದೇ ಸಲ ವರ್ನಿಯರ್ ಇಟ್ಟು ‘ಆಗಲ್ಲ ಸಾರ್’ ಅಂದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮಗ ಒಂದು ಭಾನುವಾರ ಇದೆಲ್ಲ ಕೇಳಿ, ‘ಅಪ್ಪಾ, ಅಮೆರಿಕದಲ್ಲೂ ಇದೇ ಗೋಳು’ ಅಂತ ಫೋನಿನಲ್ಲಿ ತೋರಿಸಿದ. ಅಲ್ಲಿ ಪ್ರೊ ಸ್ಟಾಕ್ ಅಂತ ಕಾರುಗಳ ತರಗತಿ ಇದೆ. 1970ರಿಂದ ನಡೆಯುತ್ತಿದೆ. ಇಂಜಿನ್ 500 ಕ್ಯೂಬಿಕ್ ಇಂಚು, ಅಂದರೆ 8.2 ಲೀಟರ್. ನಮ್ಮ ಆರ್‌ಎಕ್ಸ್‌ನ ಎಂಬತ್ತಮೂರು ಬ್ಲಾಕ್ ಸೇರಿಸಿದಷ್ಟು! ಆ ತರಗತಿಗೂ ಜನ ಕಡಿಮೆಯಾದರು, ನೋಡುವವರಿಗೂ ಬೇಸರ ಬಂತು. 2016ರಲ್ಲಿ ನಿಯಮ ಬದಲಿಸಿದರು. ಕಾರ್ಬ್ಯುರೇಟರ್ ತೆಗೆದು ಫ್ಯೂಯೆಲ್ ಇಂಜೆಕ್ಷನ್ ಕಡ್ಡಾಯ ಮಾಡಿದರು, ಇಂಜಿನ್ 10,500 ಆರ್‌ಪಿಎಂ ದಾಟದ ಹಾಗೆ ಕಡಿವಾಣ ಹಾಕಿದರು. ಜೀವಮಾನವೆಲ್ಲ ಕಾರ್ಬ್ಯುರೇಟರ್ ಪಳಗಿಸಿದವರ ಕೈಚಳಕ ಒಂದೇ ದಿನದಲ್ಲಿ ಗುಜರಿಗೆ ಹೋಯಿತು. ಸಣ್ಣ ಪುಟ್ಟ ತಂಡದವರಿಗೆ ಖರ್ಚು ಕೈಮೀರಿತು. 2019ರ ಹೊತ್ತಿಗೆ 24 ಕೂಟಗಳಲ್ಲಿ 18ರಲ್ಲಿ ಮಾತ್ರ ಆ ತರಗತಿ ಓಡಿಸಿದರು. ಆದರೂ ಮುಚ್ಚಲಿಲ್ಲ. ನಿಯಮ ಬದಲಾಗುತ್ತೆ ಅಂತ ಹಿಂದಿನ ವರ್ಷವೇ ಹೇಳಿದ್ದರು, ಅದೂ ಬರವಣಿಗೆಯಲ್ಲಿ. ಅಷ್ಟು ದುಡ್ಡಿರುವವರಿಗೇ ಆರು ತಿಂಗಳು ಸಾಲಲಿಲ್ಲ ಅಂತ ಕೂಗಾಡಿದರಂತೆ. ನಮ್ಮ ಹುಡುಗನಿಗೆ ಗೊತ್ತಾಗಿದ್ದು ಟೇಬಲ್ ಮುಂದೆ ನಿಂತಾಗ.

ಅಲ್ಲಿ ಇನ್ನೊಂದು ಪದ್ಧತಿಯೂ ಇದೆಯಂತೆ. ಇಂಜಿನ್ ಅಳೆಯುವುದೇ ಇಲ್ಲ. ಸಮಯ ಹೇಳಿಬಿಡುತ್ತಾರೆ. ಉದಾಹರಣೆಗೆ 17 ಸೆಕೆಂಡ್ ಅಂದುಕೊಳ್ಳಿ. ಅದಕ್ಕೆ ಎಷ್ಟು ಹತ್ತಿರ ಬಂದರೆ ಅಷ್ಟು ಒಳ್ಳೆಯದು, ಅದಕ್ಕಿಂತ ಬೇಗ ಹೋದರೆ ಸೋತಂತೆ. ಹೀಗಾದರೆ ಸುಜುಕಿ ಸಮುರಾಯ್, ಶೋಗನ್, ಯೆಜ್ಡಿ, ಆರ್‌ಎಕ್ಸ್ ಎಲ್ಲ ಒಂದೇ ಸಾಲಿನಲ್ಲಿ ನಿಲ್ಲಬಹುದು, ಆರರ ಬದಲು ಇಪ್ಪತ್ತು ಗಾಡಿ ಬರಬಹುದು. ನನಗೆ ಮನಸ್ಸಿಗೆ ಅಷ್ಟು ಒಗ್ಗುವುದಿಲ್ಲ. ಬೇಗ ಹೋದವನು ಸೋಲೋದು ಅಂದರೆ ಏನೋ ಒಂಥರಾ. ಆದರೆ ತರಗತಿಯೇ ಇಲ್ಲದಿರುವುದಕ್ಕಿಂತ ವಾಸಿ.

ಈಗ ಕಿವಿಗೆ ಬಿದ್ದ ಸುದ್ದಿ, ಮುಂದಿನ ಸಲ ನಮ್ಮ ಹೊತ್ತನ್ನು ಎಲೆಕ್ಟ್ರಿಕ್ ಗಾಡಿಗಳಿಗೆ ಕೊಡುತ್ತಾರೆ ಅಂತ. ಕೊಡಲಿ, ಸಂತೋಷ. ಅವು ಹೊರಡುವ ರಭಸ ನಾನೂ ನೋಡಿದ್ದೇನೆ, ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಆದರೆ ಟೂ ಸ್ಟ್ರೋಕ್ ಅಂದರೆ ಹೊಗೆ, ಮಾಲಿನ್ಯ ಅಂತ ಕಾರಣ ಕೊಡುವುದು ಬೇಡ. ಹತ್ತು ಗಾಡಿ ಐದೈದು ಸಲ ಓಡಿದರೂ ಒಟ್ಟು 20 ಕಿಲೋಮೀಟರ್ ಆಗುತ್ತೆ. ತುಮಕೂರಿನಿಂದ ಗುಬ್ಬಿಗೆ ಒಂದು ಗಾಡಿ ಒಂದು ಸಲ ಹೋದಷ್ಟು. ಆ ಹೊಗೆಗೆ ಹೆದರುವವರು ಅಂತರಸನಹಳ್ಳಿ ಕಡೆ ಒಂದು ಬೆಳಗ್ಗೆ ಬಂದು ನಿಂತು ನೋಡಲಿ.

ಹುಡುಗನ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ ಆದ ಮೇಲೆ ಎರಡು ಸಲ ಅಂಗಡಿಗೆ ಬಂದಿದ್ದ. ‘ಅಂಕಲ್, ಸ್ಲೀವ್ ಹಾಕಿಸೋದಾ, 75ಕ್ಕೆ ಹೋಗೋದಾ? ಈ ಸಲ ಹಾಳೆಯಲ್ಲಿ ಏನ್ ಬರುತ್ತೆ?’ ಅಂತ ಕೇಳಿದ. ‘ನನಗೇನ್ ಗೊತ್ತಪ್ಪ, ತಡಿ, ಹಾಳೆ ಬರಲಿ’ ಅಂದೆ. ಹಾಳೆ ಬರಲಿಲ್ಲ. ಅವನು ತಡೆಯಲಿಲ್ಲ. ತಪ್ಪು ಅವನದೇ. ಅದನ್ನು ಅವನ ಮುಖದ ಮೇಲೇ ಹೇಳಿದ್ದೇನೆ, ಅವನ ದೊಡ್ಡಪ್ಪನ ಎದುರಿಗೆ. ದೊಡ್ಡಪ್ಪ ಏನೂ ಮಾತಾಡಲಿಲ್ಲ. ‘ಗಾಡಿ ಮೇಲೆ ಮಳೆ ಬೀಳ್ತಿದೆಯಾ?’ ಅಂತ ಮಾತ್ರ ಕೇಳಿದರು.

ಈ ಪತ್ರ ರೇಸ್ ನಡೆಸುವವರ ಕಣ್ಣಿಗೆ ಬಿದ್ದರೆ, ನನ್ನದು ಒಂದೇ ಕೋರಿಕೆ. ತರಗತಿ ಇಡುತ್ತೀರೋ ತೆಗೆಯುತ್ತೀರೋ, ಅದನ್ನು ದಸರಾಗೆ ಮುಂಚೆ ಹೇಳಿಬಿಡಿ. ಇಡುವುದಾದರೆ ಬೋರು, ಪೋರ್ಟು, ಕಾರ್ಬ್ಯುರೇಟರು, ತೂಕ, ಈ ನಾಲ್ಕನ್ನೂ ಅಂಕಿಯಲ್ಲಿ ಬರೆದು ಕೊಡಿ. ಮೂರು ವರ್ಷ ಮುಟ್ಟಬೇಡಿ. ಗಾಡಿ ಎಬ್ಬಿಸೋಕೆ ಒಬ್ಬ ಹುಡುಗನಿಗೆ ಒಂದು ವರ್ಷದ ಸಂಬಳ ಹೋಗುತ್ತೆ. ಒಳ್ಳೆಯ ಆರ್‌ಎಕ್ಸ್ ಒಂದಕ್ಕೆ ಈಗ ಲಕ್ಷಕ್ಕೂ ಮೇಲೆ ಕೇಳುತ್ತಿದ್ದಾರೆ. ಅದನ್ನು ಕಂಡಕಂಡ ಹಾಗೆ ಕೊರೆಯೋಕೆ ಆಗಲ್ಲ. ಒಂದು ಸಲ ತೆಗೆದ ಕಬ್ಬಿಣ ವಾಪಸ್ ಅಂಟಿಸೋಕೆ ಬರುವುದಿಲ್ಲ.

ಅಳೆಯುವವರು ಬೇಕಿದ್ದರೆ ನಾನು ಬರುತ್ತೇನೆ. ಬೋರ್ ಗೇಜ್ ನನ್ನದೇ ಇದೆ, ಡೆಪ್ತ್ ಗೇಜ್ ಇದೆ, ಅಣ್ಣನ ಮೈಕ್ರೋಮೀಟರ್ ಇದೆ. ಸಂಬಳ ಬೇಡ. ಬಸ್ ಚಾರ್ಜೂ ನಾನೇ ಹಾಕಿಕೊಳ್ಳುತ್ತೇನೆ. 1989ರ ಒಂದು ಬ್ಲಾಕು, ಒಂದು ಸಲವೂ ಬೋರ್ ಆಗದ್ದು, ಆಯಿಲ್ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಮಾರೋಕೆ ಅಲ್ಲ, ಕೇಳಬೇಡಿ. ಒರಿಜಿನಲ್ ಪೋರ್ಟಿನ ಅಳತೆ ಬೇಕು ಅಂದವರು ಬಂದು ಅಳೆದುಕೊಂಡು ಹೋಗಬಹುದು. ಭಾನುವಾರ ಮಧ್ಯಾಹ್ನ ಹನ್ನೆರಡರವರೆಗೆ ಅಂಗಡಿ ತೆಗೆದಿರುತ್ತೆ. ಬರುವಾಗ ಒಂದು ವರ್ನಿಯರ್ ಅಲ್ಲ, ಎರಡು ತನ್ನಿ.

ಇಂತಿ,
ಲೇತ್ ಅಂಗಡಿಯ ಒಬ್ಬ ಹಳೇ ಓದುಗ,
ಶಿರಾ ಗೇಟ್, ತುಮಕೂರು